ಮಂಜನಿಗೆ, ಕೆರೆ ಮಣ್ಣಿನ ವಿಷಯವಾಗಿ

ಮಂಜ,

ವಾಟ್ಸಾಪಿನಲ್ಲಿ ಬರೆದರೆ ನೀನು ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ಅದಕ್ಕೇ ಇಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಮರ್ಯಾದೆಗಾದರೂ ಉತ್ತರ ಕೊಡು. (ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.)

ಜರ್ಮನಿಯ ಫೋಟೋ ನೋಡಿ 'ದೊಡ್ಡ ಮನುಷ್ಯ ಆಗಿಬಿಟ್ಟೆ ಬಿಡು' ಅಂದೆಯಲ್ಲ. ಆಗಿದ್ದೇನೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗಿಬಂದರೆ ನನ್ನೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚುಕಮ್ಮಿ 1 ಟನ್. ನಮ್ಮ ದೇಶದಲ್ಲಿ ಸರಾಸರಿ ಒಬ್ಬರ ಇಡೀ ವರ್ಷದ ಲೆಕ್ಕವೇ ಸುಮಾರು 2 ಟನ್. ಹೋಗಿದ್ದು ಯಾಕೆ? ಬತ್ತಿದ ಕೆರೆಯ ಬಗ್ಗೆ ಐವತ್ತು ನಿಮಿಷದ ಏಕವ್ಯಕ್ತಿ ನಾಟಕ ಆಡುವುದಕ್ಕೆ. ನಗು ಬಂದರೆ ನಗು.

ಇಂಥ ಪೇಚಿನಲ್ಲಿ ಜೊತೆಗೆ ಯಾರಾದರೂ ಸಿಗುತ್ತಾರಾ ಅಂತ ಹುಡುಕಿದೆ. 2015ರ ಹವಾಮಾನ ಸಮ್ಮೇಳನದ ಹೊತ್ತಿಗೆ ಓಲಾಫುರ್ ಎಲಿಯಾಸನ್ ಎಂಬ ಕಲಾವಿದ ಗ್ರೀನ್‌ಲ್ಯಾಂಡಿನಿಂದ 12 ದೊಡ್ಡ ಹಿಮಗಡ್ಡೆ ತರಿಸಿ, ಪ್ಯಾರಿಸ್ಸಿನ ಪ್ಯಾಂಥಿಯಾನ್ ಎಂಬ ಸ್ಮಾರಕದ ಎದುರು ಗಡಿಯಾರದ ಹಾಗೆ ಜೋಡಿಸಿಟ್ಟ, ಕರಗಲಿ ಅಂತ. ಜನ ಮುಟ್ಟಿದರು, ತಬ್ಬಿಕೊಂಡರು. ಖರ್ಚಾದ ಇಂಗಾಲ 30 ಟನ್. 30 ಜನ ಪ್ಯಾರಿಸ್ಸಿನಿಂದ ಗ್ರೀನ್‌ಲ್ಯಾಂಡಿಗೆ ಹೋಗಿಬಂದಷ್ಟು. ಲೆಕ್ಕವನ್ನಾದರೂ ಬಿಚ್ಚಿಟ್ಟರಲ್ಲ, ಅದಕ್ಕೆ ಮೆಚ್ಚಬೇಕು. ಫ್ರಾನ್ಸಿನ ನೃತ್ಯ ಸಂಯೋಜಕ ಜೆರೋಮ್ ಬೆಲ್ 2019ರಲ್ಲಿ ವಿಮಾನವನ್ನೇ ಬಿಟ್ಟ. ದೂರದೂರಿನ ಕಲಾವಿದರಿಗೆ ವಿಡಿಯೋ ಕಾಲ್‌ನಲ್ಲೇ ತಾಲೀಮು. ಅವನಿಗೇನಪ್ಪ, ರೈಲು ಹತ್ತಿದರೆ ಅರ್ಧ ಯುರೋಪು. ನಾನು ರೈಲು ಹತ್ತಿದರೆ ಅರಸೀಕೆರೆ.

ಸರಿ, ಇನ್ನು ಮಣ್ಣು.

ನಾಟಕದ ಕೊನೆಗೆ ಪ್ರೇಕ್ಷಕರ ಅಂಗೈಗೆ ಒಂದೊಂದು ಚಿಟಿಕೆ ಕೆರೆ ಮಣ್ಣು ಹಾಕುತ್ತೇನಲ್ಲ. ನಮ್ಮೂರಿನದನ್ನೇ ಹಾರ್ಲಿಕ್ಸ್ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿದ್ದೆ. ನಮ್ಮಂಥ ಹೊರದೇಶದ ಮಣ್ಣು ಯುರೋಪಿನೊಳಗೆ ಬರುವಂತಿಲ್ಲ, ಗಿಡಗಳಿಗೆ ರೋಗ ತರುತ್ತದೆ ಅಂತ. ಇಳಿದ ಕಡೆಯೇ ಕಸದ ಬುಟ್ಟಿ ಸೇರಿತು. ಷೋ ದಿನ ಬೆಳಿಗ್ಗೆ ಗಿಡದಂಗಡಿಯಲ್ಲಿ ಕುಂಡಕ್ಕೆ ಹಾಕುವ ಮಣ್ಣಿನ ಚೀಲ ಕೊಂಡೆ. ಕಪ್ಪಗೆ, ಕಾಫಿ ಪುಡಿಯಷ್ಟು ಹಗುರ. ಸಂಜೆ 'ಇದು ನನ್ನೂರ ಕೆರೆ' ಅಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು ವಯಸ್ಸಾದ ಹೆಂಗಸು ಮೂಸಿ ನೋಡಿದರು. ಕಣ್ಣು ತುಂಬಿ ಬಂತು. ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಹೋದರು. ನಾನು ಬಾಯಿ ಬಿಡಲಿಲ್ಲ. ಬಿಡಲಿಲ್ಲ ಮಾತ್ರ ಅಲ್ಲ, ಖುಷಿಯಾಯಿತು ಕಣೋ.

ಆ ಕೆರೆಯ ಹಾಡು ಕಲಿಸಿದ ನಮ್ಮ ಕೆಳಗೇರಿ ಅಜ್ಜಿ ಈ ನಾಟಕ ನೋಡಿಲ್ಲ. ನಾಲ್ಕು ದೇಶ ಆಯಿತು. ನಮ್ಮೂರಿಗೆ ಒಂದು ರೈಲು, ಒಂದು ಬಸ್ಸು. 'ಇಲ್ಲಿ ಯಾವಾಗ ಆಡ್ತೀಯೋ' ಅಂದರೆ 'ಲೈಟಿಂಗ್ ಸರಿ ಇರಲ್ಲ ಅಜ್ಜಿ' ಅಂದುಬಿಟ್ಟಿದ್ದೇನೆ. ಹೆದರಿಕೆ, ಇನ್ನೇನು. ಯಾವ ಹಾಡನ್ನು ಎಲ್ಲಿ ಕತ್ತರಿಸಿದ್ದೇನೆ ಅಂತ ಆಕೆಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಅಲ್ಲಿ ಯಾರಿಗೆ ಗೊತ್ತು?

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಇದನ್ನು ಓದಿ ಹೊರದೇಶದವರು ಮುಂದಿನ ಸಲ ನನ್ನನ್ನು ಕರೆಯದೇ ಇದ್ದರೆ ವಿಮಾನದ ಹೊಗೆಯಾದರೂ ಉಳಿತಾಯವಾಗುತ್ತದೆ, ಅಲ್ವಾ?

ಅಂದಹಾಗೆ ಕೆರೆ ಈ ಸಲ ಕೋಡಿ ಬಿದ್ದಿದೆಯಂತೆ. ನನ್ನ ಹೊಟ್ಟೆಪಾಡಿಗೆ ಕಲ್ಲು ಬಿತ್ತು. ನೋಡಿಕೊಂಡು ಬರೋಣ ಬಾ. ಮಳೆ ಜೋರಿದೆ, ಬರುವಾಗ ಆ ಛ... ಬೇಡ, ಎತ್ತುವುದಿಲ್ಲ ಅಂದಿದ್ದೆನಲ್ಲ.

ನಿನ್ನವನೇ,
ದೊಡ್ಡ ಮನುಷ್ಯ