ಕ್ಯಾಂಡಿಗೆ ಹೊರಟವರೇ, ಸ್ವಲ್ಪ ಓದಿ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಂಡಿಯಲ್ಲಿರುವ ಏಪ್ರಿಲ್ 13, 14 ಶ್ರೀಲಂಕಾದ ಹೊಸ ವರ್ಷ. ಸಿಂಹಳೀಯರಿಗೆ ಅಲುತ್ ಅವುರುದ್ದ, ತಮಿಳರಿಗೆ ಪುತ್ತಾಂಡು. ಎರಡೂ ದಿನ ಸರ್ಕಾರಿ ರಜೆ, ಅಂಗಡಿಗಳು ಜಾಸ್ತಿ ಮುಚ್ಚಿರುತ್ತವೆ. ನೀರು, ಬಿಸ್ಕತ್ತು, ಮಾತ್ರೆ 12ಕ್ಕೇ ತೆಗೆದಿಟ್ಟುಕೊಳ್ಳಿ.

ವರ್ಷ ದಾಟುವ ಹೊತ್ತಿನ ಕೆಲವು ಗಂಟೆಗಳಿಗೆ 'ನೋನಗತೆ' ಅನ್ನುತ್ತಾರೆ. ಆಗ ಕೆಲಸ ಬಂದ್. ಜ್ಯೋತಿಷಿಗಳು ಗೊತ್ತು ಮಾಡಿದ ಮುಹೂರ್ತ ಬರುವ ತನಕ ಒಲೆ ಹಚ್ಚುವಂತಿಲ್ಲ. ನಾವು ಉಳಿಯುವ ಮನೆಯವರ ಹತ್ತಿರ ಆ ಹೊತ್ತಲ್ಲಿ ಕಾಫಿ ಕೇಳಬೇಡಿ, ಪ್ಲೀಸ್! (ಯಾರಿಗೆ ಹೇಳುತ್ತಿದ್ದೇನೆ ಅಂತ ಗೊತ್ತಲ್ವಾ?)

ಮುಹೂರ್ತಕ್ಕೆ ಹಾಲು ಉಕ್ಕಿಸುತ್ತಾರೆ, ಥೇಟ್ ನಮ್ಮ ಗೃಹಪ್ರವೇಶದ ಹಾಗೆ. ಆಮೇಲೆ ತೆಂಗಿನಹಾಲಿನ ಅನ್ನ ಕಿರಿಬತ್, ಜೊತೆಗೆ ಕರಿದ ಕವುಂ, ಕೊಕಿಸ್. ಕೊಕಿಸ್ ನೋಡಿದರೆ ನಮ್ಮ ಅಚ್ಚಪ್ಪವೇ ನೆನಪಾಗುತ್ತದೆ. ಕರೆದರೆ ಸಂಕೋಚಪಡದೆ ಕೂತು ತಿನ್ನಿ.