‘ಸಂಸ್ಕಾರ’ ನೋಡಲು ಬಂದವರಿಗೆ, ಬೇಡ ಅಂದವರಿಗೂ

ಕಳೆದ ಭಾನುವಾರ ನಮ್ಮ ಓದುಗರ ಬಳಗದಿಂದ ‘ಸಂಸ್ಕಾರ’ ಸಿನಿಮಾ ತೋರಿಸಿದೆವು. ಮುಗಿದ ಮೇಲೆ ಊಟದ ಹೊತ್ತು ಮೀರುವವರೆಗೂ ಜನ ಕೂತು ಮಾತಾಡಿದರು. ಕೂಗಾಟ ಆಗಲಿಲ್ಲ. ಯಾರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ಹೀಗೆ ನಡೆಯುತ್ತೆ ಅನ್ನೋ ಧೈರ್ಯ ಹಿಂದಿನ ವಾರದವರೆಗೂ ನಮಗೆ ಯಾರಿಗೂ ಇರಲಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದೇವೆ. ಅಷ್ಟಕ್ಕೇ ಬಿಡೋಕೆ ಮನಸ್ಸು ಒಪ್ಪುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಹಳೇ ಸಿನಿಮಾಕ್ಕೆ ಇಷ್ಟು ಅಳುಕು ಯಾಕೆ ಅಂತ ಹುಡುಗರು ಕೇಳಿದರು. ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ ಬಂದಿದ್ದು 1965ರಲ್ಲಿ. ದೂರ್ವಾಸಪುರ ಅನ್ನೋ ಮಾಧ್ವರ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಹೆಂಡ ಮಾಂಸ ಮುಟ್ಟಿದವನು, ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡವನು. ಅವನ ಶವಕ್ಕೆ ಸಂಸ್ಕಾರ ಮಾಡೋರು ಯಾರು? ಹೆಣ ಎತ್ತದೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಶಾಸ್ತ್ರವನ್ನೆಲ್ಲ ಓದಿಕೊಂಡ ಪ್ರಾಣೇಶಾಚಾರ್ಯರಿಗೂ ಉತ್ತರ ಸಿಗುವುದಿಲ್ಲ.

ಪಟ್ಟಾಭಿರಾಮ ರೆಡ್ಡಿ ಇದನ್ನು 1970ರಲ್ಲಿ ಸಿನಿಮಾ ಮಾಡಿದರು. ಚಿತ್ರಕಥೆ ಗಿರೀಶ ಕಾರ್ನಾಡರದ್ದು, ಆಚಾರ್ಯರ ಪಾತ್ರವೂ ಅವರದ್ದೇ. ನಾರಣಪ್ಪ ಆಗಿದ್ದು ಪಿ. ಲಂಕೇಶ್. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಸರ್ಟಿಫಿಕೇಟ್ ಕೊಡಲೇ ಇಲ್ಲ. ಜಾತಿ ಜಾತಿ ನಡುವೆ ಗಲಾಟೆ ಆದೀತು ಅನ್ನೋ ಭಯ. ವಿಷಯ ಕೇಂದ್ರ ಸರ್ಕಾರದವರೆಗೆ ಹೋದ ಮೇಲೆ ಬಿಡುಗಡೆಗೆ ದಾರಿ ಆಯಿತು. ಆಮೇಲೆ ಅದೇ ಸಿನಿಮಾಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಚಿತ್ರಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಪ್ರಶಸ್ತಿ ಬಂದ ಮಾತ್ರಕ್ಕೆ ನೊಂದವರ ನೋವು ಹೋಗಿಬಿಡುತ್ತದಾ? ನಮ್ಮ ಕಾರ್ಯಕ್ರಮದ ಸುದ್ದಿ ಫೋನುಗಳಲ್ಲಿ ಹರಿದಾಡಿದ ದಿನವೇ ಕರೆಗಳು ಶುರುವಾದವು. ‘ನಮ್ಮ ಮನೆತನದ ಮರ್ಯಾದೆ ಬೀದಿಗೆ ತರ್ತೀರಾ’ ಅಂದರು. ‘ಬೇರೆ ಸಿನಿಮಾ ಸಿಗಲಿಲ್ವಾ’ ಅಂದರು. ಮೊದಲು ಒಪ್ಪಿಕೊಂಡಿದ್ದ ಸಭಾಂಗಣದವರು ಕೊನೇ ಗಳಿಗೆಯಲ್ಲಿ ಆಗಲ್ಲ ಅಂದುಬಿಟ್ಟರು. ಅವರ ಕಷ್ಟ ಅವರಿಗೆ. ನಮಗಂತೂ ಕಾಲಕೆಳಗಿನ ನೆಲ ಕುಸಿದ ಹಾಗಾಯಿತು.

ಆಗ ಅಡಿಕೆ ಮಂಡಿ ಸಾಹುಕಾರರು ಅವರಾಗಿಯೇ ಫೋನ್ ಮಾಡಿ ಗೋಡೌನ್ ಕೊಡ್ತೀನಿ ಬನ್ನಿ ಅಂದರು. ಸೀಸನ್ ಹೊತ್ತಲ್ಲಿ, ಚೀಲಗಳನ್ನೆಲ್ಲ ಒಂದು ಗೋಡೆಗೆ ಒಟ್ಟಿಸಿ, ಹಮಾಲರ ಕೈಲಿ ನೆಲ ಗುಡಿಸಿಸಿ ಕೊಟ್ಟರು. ಬಾಡಿಗೆ ಮಾತೆತ್ತಿದರೆ ಕೈ ಮುಗಿದರು. ‘ನಾನು ಪುಸ್ತಕ ಓದಿಲ್ಲ, ಸಿನಿಮಾನೂ ನೋಡಿಲ್ಲ. ಊರಿನೋರು ಒಂದು ಕಡೆ ಕೂತು ಮಾತಾಡ್ತೀವಿ ಅಂದ್ರೆ ಜಾಗ ಇಲ್ಲ ಅನ್ನಬಾರದು’ ಅಂದರು. ಸಾಹುಕಾರರೇ, ಆವತ್ತು ನೀವು ಕೊಟ್ಟಿದ್ದು ಬರೀ ಜಾಗ ಅಲ್ಲ, ನಮಗೆ ಹೋದ ಜೀವ ಬಂತು.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಹೆಸರು ಹಾಕಬೇಡಿ ಅಂದಿದ್ದಾರೆ. ಊರಿಗೆಲ್ಲ ಸಂಸ್ಕೃತ ಕಲಿಸಿದವರು. ಈ ಸಿನಿಮಾ ಬೇಡ ಅಂತ ಎಲ್ಲರಿಗಿಂತ ಮೊದಲು ಹೇಳಿದ್ದೂ ಅವರೇ. ಫೋನಿನಲ್ಲಿ ಹೇಳಲಿಲ್ಲ, ಮನೆಗೆ ಕರೆಸಿ ಹೇಳಿದರು. ಮೇಜಿನ ಮೇಲೆ ಕಾದಂಬರಿಯ ಹಳೇ ಪ್ರತಿ ಇತ್ತು. ಬೈಂಡು ಬಿಟ್ಟಿತ್ತು, ದಾರ ಕಟ್ಟಿದ್ದರು. ಪುಟದ ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಅಕ್ಷರ. ಓದದೆ ಬೈಯುವವರನ್ನು ಸಾಕಷ್ಟು ನೋಡಿದ್ದೇನೆ. ಇಷ್ಟು ಓದಿ ಬೈಯುವವರನ್ನು ನೋಡಿದ್ದು ಅದೇ ಮೊದಲು. ನೀವೇ ಬಂದು ಇದನ್ನೆಲ್ಲ ಸಭೆಯಲ್ಲಿ ಹೇಳಿ ಮೇಷ್ಟ್ರೇ, ನಿಮ್ಮ ಮಾತೇ ಮೊದಲು ಅಂತ ಕೇಳಿಕೊಂಡೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರ್ತೀನಿ ಅಂದರು.

ಬಂದರು. ಶಾಲು ಹೊದ್ದು ಮುಂದಿನ ಸಾಲಿನಲ್ಲೇ ಕೂತರು. ಶವದ ದೃಶ್ಯ ಬಂದಾಗ ತಲೆ ತಗ್ಗಿಸಿದರು. ಆಚಾರ್ಯರು ಮಾರುತಿ ಗುಡಿಯಲ್ಲಿ ದೇವರ ಅಪ್ಪಣೆಗೆ ಕಾಯುವ ಭಾಗ ಬಂದಾಗ ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ಎದ್ದು ನಿಂತು ಹೇಳಿದ್ದು ಇಷ್ಟು: ನಾರಣಪ್ಪನಿಂದ ತನಗೆ ನೋವಾಗಿಲ್ಲ, ಅಂಥವರು ಎಲ್ಲ ಕಾಲದಲ್ಲೂ ಇದ್ದರು. ಚಂದ್ರಿ ಸಂಸ್ಕಾರದ ಖರ್ಚಿಗೆ ಅಂತ ತನ್ನ ಒಡವೆ ಬಿಚ್ಚಿ ಇಟ್ಟ ಕೂಡಲೇ ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರಿಗೂ ಸಂಸ್ಕಾರದ ಹಕ್ಕು ನೆನಪಾಗುತ್ತಲ್ಲ, ಅದು ನೋವು. ‘ಆಚಾರ್ಯರೊಬ್ಬರನ್ನು ಬಿಟ್ಟರೆ ಆ ಅಗ್ರಹಾರದಲ್ಲಿ ಒಳ್ಳೆಯವನು ಅಂತ ಒಬ್ಬನೂ ಇರಲಿಲ್ವಾ? ನಮ್ಮ ಹೆಂಗಸರೆಲ್ಲ ಬಂಗಾರಕ್ಕೆ ಬಾಯಿ ಬಿಡೋರಾ? ನನ್ನ ತಾಯಿ ಹಾಗಿರಲಿಲ್ಲ.’ ಕೊನೇ ಮಾತಿಗೆ ಅವರ ದನಿ ನಡುಗಿತು. ಗೋಡೌನಿನಲ್ಲಿ ಯಾರೂ ಮಿಸುಕಾಡಲಿಲ್ಲ.

ನನಗೆ ಈ ಕಾದಂಬರಿ ಅಂದರೆ ಪ್ರಾಣ. ಈಗಲೂ ಅಷ್ಟೇ. ಆದರೂ ಆ ಪ್ರಶ್ನೆ ನ್ಯಾಯವಾದದ್ದು ಅಂತ ನಾನು ನಂಬುತ್ತೇನೆ. ಪುಸ್ತಕವನ್ನು ಮೆಚ್ಚಿದ ನಮ್ಮಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಮೇಷ್ಟ್ರೇ, ನೀವು ಮನೆಯಲ್ಲೇ ಉಳಿದು ಸಿಟ್ಟಾಗಿದ್ದರೆ ನಮಗದು ಸಿಗುತ್ತಿರಲಿಲ್ಲ. ನಿಮಗೆ ದೊಡ್ಡ ನಮಸ್ಕಾರ.

ಅವರು ಕೂತ ಮೇಲೆ ಹಿಂದಿನ ಸಾಲಿಂದ ಕಾಲೇಜು ಓದುವ ಹುಡುಗಿಯೊಬ್ಬಳು ಎದ್ದಳು. ಕಾದಂಬರಿ ಓದಿಕೊಂಡೇ ಬಂದಿದ್ದಳು. ‘ಅಜ್ಜಯ್ಯ, ನಿಮ್ಮ ಮಾತಿಗೆ ಎದುರಾಡ್ತಿಲ್ಲ’ ಅಂತಲೇ ಶುರು ಮಾಡಿದಳು. ಅಗ್ರಹಾರದ ಒಂದು ಹೆಣಕ್ಕೆ ರಾತ್ರಿಯಿಡೀ ಗ್ರಂಥ ತಿರುವಿ ಹಾಕುತ್ತಾರೆ. ನಾರಣಪ್ಪನನ್ನು ಬಲಿ ತೆಗೆದುಕೊಂಡ ಅದೇ ಪ್ಲೇಗಿನಲ್ಲಿ ಕೇರಿಯ ಹುಡುಗಿ ಬೆಳ್ಳಿಯ ಅಪ್ಪ ಅಮ್ಮ ಸಾಯುತ್ತಾರೆ, ಗುಡಿಸಲಿಗೇ ಬೆಂಕಿ ಇಡುತ್ತಾರೆ. ಅದಕ್ಕೆ ಯಾರೂ ಶಾಸ್ತ್ರ ಕೇಳಲಿಲ್ಲ ಯಾಕೆ? ನಾರಣಪ್ಪನ ಹೆಣವನ್ನೂ ಕಡೆಗೆ ಸುಟ್ಟಿದ್ದು ಚಂದ್ರಿ, ಅದೂ ಒಬ್ಬ ಮುಸ್ಲಿಂ ವ್ಯಾಪಾರಿಯ ಸಹಾಯದಿಂದ. ಅಷ್ಟು ಮಾಡಿ ಅವಳು ಕಥೆಯಿಂದ ಆಚೆ ಹೋಗಿಬಿಡುತ್ತಾಳೆ. ಉಳಿದಿದ್ದೆಲ್ಲ ಆಚಾರ್ಯರ ಸಂಕಟ. ‘ಚಂದ್ರಿಗೆ ಏನನ್ನಿಸ್ತು ಅಂತ ನಮಗೆ ಯಾಕೆ ಜಾಸ್ತಿ ಹೇಳಲ್ಲ?’ ಅಂದಳು. ಮೇಷ್ಟ್ರು ಹಿಂದಕ್ಕೆ ತಿರುಗಿ, ‘ಇನ್ನೊಂದ್ಸಲ ಹೇಳು ಮಗಾ, ನನಗೆ ಸರಿಯಾಗಿ ಕೇಳಲಿಲ್ಲ’ ಅಂದರು. ಅವಳು ಮತ್ತೆ ಹೇಳಿದಳು. ಅವರು ತಮ್ಮ ಪ್ರತಿಯಲ್ಲಿ ಏನೋ ಬರೆದುಕೊಂಡರು. ತಂಗೀ, ಅಷ್ಟು ಜನ ಹಿರಿಯರ ಮುಂದೆ ಅಷ್ಟು ನೇರವಾಗಿ, ಅಷ್ಟು ಗೌರವದಿಂದ ಮಾತಾಡಿದ್ದಕ್ಕೆ ನಿನಗೆ ಥ್ಯಾಂಕ್ಸ್.

ಚಂದ್ರಿ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರ ಬಗ್ಗೆ ನಿವೃತ್ತ ನರ್ಸಮ್ಮ ಹೇಳಿದರು. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿನಲ್ಲಿ ಇಟ್ಟಿದ್ದರು. ಅವರಿಗೆ ಜೋರು ಆಸ್ತಮಾ. ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಅಷ್ಟು ಹೊತ್ತು ಪರದೆ ಮೇಲೆ ಅವರ ಮುಖ ನೋಡಿದ್ದ ನಮಗೆ ಆ ಮಾತು ಎದೆಗೆ ತಟ್ಟಿತು. ಹೇಳಿದ್ದಕ್ಕೆ ಋಣಿ ಅಮ್ಮ.

ಸಿನಿಮಾ ಅಷ್ಟೇನೂ ಹಿಡಿಸಲಿಲ್ಲ ಅಂದವರೂ ಇದ್ದರು. ಪುಸ್ತಕದ ಅರ್ಧ ಭಾಗ ಆಚಾರ್ಯರ ತಲೆಯೊಳಗೇ ನಡೆಯುತ್ತೆ, ಕ್ಯಾಮೆರಾಕ್ಕೆ ಅದು ಹೇಗೆ ಸಿಗಬೇಕು ಅನ್ನೋದು ಅವರ ವಾದ. ನನಗೆ ಹಾಗನ್ನಿಸಿಲ್ಲ. ಆಸ್ಟ್ರೇಲಿಯಾದ ಕ್ಯಾಮೆರಾಮನ್ ಟಾಮ್ ಕೋವನ್ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಹಿಡಿದ ಆ ಕಪ್ಪು ಬಿಳುಪಿನ ಬೀದಿ, ಜಗಲಿ ನೋಡಿದಾಗ ನಮ್ಮ ಊರುಗಳ ಉಸಿರುಕಟ್ಟುವ ಮೌನ ಗೊತ್ತಾಗುತ್ತೆ. ಈ ವಾದ ಇನ್ನೊಂದು ಸಲ ಮಾಡೋಣ.

ಪ್ರೊಜೆಕ್ಟರ್ ತಂದು, ಕಿರಕಿರ ಅನ್ನುತ್ತಿದ್ದ ಧ್ವನಿಯನ್ನು ಕೇಳುವ ಮಟ್ಟಕ್ಕೆ ತಂದ ಹುಡುಗರಿಗೆ, ಕಾಫಿ ಕಾಯಿಸಿದ ಅಕ್ಕಂದಿರಿಗೆ, ಅಜ್ಜಂದಿರನ್ನು ಮನೆವರೆಗೂ ಬಿಟ್ಟು ಬಂದ ಆಟೋ ಅಣ್ಣನಿಗೆ ತುಂಬು ಮನಸ್ಸಿನ ಧನ್ಯವಾದ. ಬರಲ್ಲ ಅಂತ ಹೇಳಿ ಬರದೇ ಇದ್ದವರು, ನಡೆಯೋದನ್ನು ತಡೆಯಲೂ ಇಲ್ಲ. ಅವರಿಗೂ ಅಷ್ಟೇ ಧನ್ಯವಾದ.

ಮೇಷ್ಟ್ರ ಆಕ್ಷೇಪಗಳನ್ನೂ ಆ ಹುಡುಗಿಯ ಪ್ರಶ್ನೆಯನ್ನೂ ಬರೆದಿಟ್ಟುಕೊಂಡಿದ್ದೇವೆ. ಬಳಗದ ಮುಂದಿನ ಸಭೆ ಅಲ್ಲಿಂದಲೇ ಶುರು. ಮೇಷ್ಟ್ರು ಬರ್ತೀನಿ ಅಂದಿದ್ದಾರೆ. ಕಾದಂಬರಿಯನ್ನು ಎಲ್ಲರೂ ಇನ್ನೊಂದು ಸಲ ಓದಿಕೊಂಡು ಬರಬೇಕು ಅಂತಲೂ ಹೇಳಿದ್ದಾರೆ.