ಮಿರ್ಚಿಯ ಮೇಲಿನ ಆರೋಪ

ಬಳ್ಳಾರಿ

ಪ್ರಿಯ ಗೆಳೆಯಾ,

ನೀನು ಆಸ್ಪತ್ರೆಯಿಂದ ರಾಯಚೂರಿನ ಮನೆಗೆ ಮರಳಿದ್ದೀಯೆಂದು ತಿಳಿದು ಸಮಾಧಾನವಾಯಿತು. ನಿನ್ನ ಮೇದೋಜ್ಜೀರಕ ಗ್ರಂಥಿಯ ಉರಿಯೂತಕ್ಕೆ ಮನೆಯವರೆಲ್ಲ ಒಗ್ಗರಣೆ-ಮಿರ್ಚಿಯನ್ನೇ ಹೊಣೆ ಮಾಡುತ್ತಿದ್ದಾರೆಂದೂ, ಬರೀ ಆಹಾರದಿಂದಲೇ ಪ್ರಯೋಗಾಲಯದ ಇಲಿಗಳಿಗೆ ಈ ಕಾಯಿಲೆ ಬರಿಸಿದ್ದಾರೆಂಬುದು ನಿಜವೇ ಎಂದೂ ಕೇಳಿದ್ದೀಯ. ನಿಜ, ಆದರೆ ಆ ಆಹಾರ ಯಾವುದೆಂದು ಮೊದಲು ಕೇಳು.

1975ರಲ್ಲಿ ಲೊಂಬಾರ್ಡಿ ಎಂಬ ಸಂಶೋಧಕರು ಮತ್ತು ಸಂಗಡಿಗರು ಎಳೆಯ ಹೆಣ್ಣು ಸುಂಡಿಲಿಗಳಿಗೆ ಕೋಲಿನ್ ಎಂಬ ಪೋಷಕಾಂಶ ಇಲ್ಲದ, ಶೇ 0.5ರಷ್ಟು ಎಥಿಯೋನಿನ್ ಬೆರೆಸಿದ ಆಹಾರ ಕೊಟ್ಟರು. ಐದು ದಿನಗಳೊಳಗೆ ಇಲಿಗಳೆಲ್ಲ ಸತ್ತವು. ಎಥಿಯೋನಿನ್ ಎಂಬುದು ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಖೋಟಾ ನಾಣ್ಯವಿದ್ದಂತೆ. ಜೀವಕೋಶ ಅದನ್ನು ಅಸಲಿಯೆಂದೇ ಸ್ವೀಕರಿಸುತ್ತದೆ. ಆಗ ಗ್ರಂಥಿಯ ಜೀರ್ಣಕ ಕಿಣ್ವ ತುಂಬಿದ ಕಣಗಳು ನಾಳಕ್ಕೆ ಹೊರಬೀಳಲಾರದೆ ಒಳಗೇ ಜಮಾಯಿಸಿ, ಜೀವಕೋಶದ ಕಸ ಅರಗಿಸುವ ಚೀಲವಾದ ಲೈಸೋಸೋಮಿನ ಕಿಣ್ವಗಳೊಡನೆ ಬೆರೆಯುತ್ತವೆ. ಕರುಳು ತಲುಪಿದ ಮೇಲಷ್ಟೇ ಚುರುಕಾಗಬೇಕಾದ ಟ್ರಿಪ್ಸಿನೋಜನ್ ಎಂಬ ನಿದ್ರಿಸುವ ಕಿಣ್ವ ಗ್ರಂಥಿಯೊಳಗೇ ಪ್ರೋಟೀನ್ ಅರಗಿಸುವ ಟ್ರಿಪ್ಸಿನ್ ಆಗಿ, ತಾನು ಹುಟ್ಟಿದ ಮನೆಯನ್ನೇ ಅರಗಿಸತೊಡಗುತ್ತದೆ. ಓದುವ ಕಾಲದಲ್ಲಿ ಇಂಥದೊಂದು ಇಲಿಯ ಹೊಟ್ಟೆ ತೆರೆದಾಗ ನಾನು ಪಕ್ಕದಲ್ಲಿದ್ದೆ: ರಕ್ತ ಇಂಗಿ ಕಪ್ಪಾದ ಗ್ರಂಥಿಯ ಸುತ್ತಲಿನ ಕೊಬ್ಬಿನ ಮೇಲೆ, ಎಲೆಗೆ ಹಚ್ಚುವ ಸುಣ್ಣವನ್ನು ಬೆರಳಿನಿಂದ ಸಿಡಿಸಿದಂತೆ ಬಿಳಿ ಚುಕ್ಕೆಗಳಿದ್ದವು. ಹೋಲಿಕೆಯೂ ಪೂರ್ತಿ ಸುಳ್ಳಲ್ಲ. ಒಡೆದ ಕೊಬ್ಬಿನ ಆಮ್ಲಗಳು, ಸುಣ್ಣದಲ್ಲಿಯೂ ಇರುವ ಕ್ಯಾಲ್ಸಿಯಂ ಜೊತೆ ಕೂಡಿ ಆ ಚುಕ್ಕೆಗಳಾಗುತ್ತವೆ.

ಗಂಡಿಲಿಗಳು ಇದೇ ಆಹಾರವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕೊಟ್ಟರೆ ಅವೂ ಸೋಲುತ್ತವೆ. ಇನ್ನೊಂದು ತೊಡಕೆಂದರೆ, ಕಾಯಿಲೆಯ ತೀವ್ರತೆ ಇಲಿ ಎಷ್ಟು ತಿಂದಿತೆಂಬುದರ ಮೇಲೆ ನಿಂತಿದೆ, ಸೊರಗಿದ ಇಲಿಯೋ ತಿನ್ನುವುದನ್ನೇ ಬಿಡುತ್ತದೆ. ಹೀಗಾಗಿ ಆಹಾರವನ್ನು ತೂಗಿ ಕೊಟ್ಟು, ಉಳಿದದ್ದನ್ನೂ ತೂಗಬೇಕು.

ನಮ್ಮ ನೆರೆಯಲ್ಲಿಯೂ ಆಹಾರದ ಮೇಲೆ ಇಂಥ ಆರೋಪವೊಂದು ಬಂದಿತ್ತು. ಕೇರಳದಲ್ಲಿ ಎಳೆಯರನ್ನು ಕಾಡಿದ, ಉಷ್ಣವಲಯದ್ದೆಂದೇ ಹೆಸರಾದ ಮೇದೋಜ್ಜೀರಕ ಗ್ರಂಥಿಯ ಉರಿಯೂತಕ್ಕೆ ಮರಗೆಣಸೇ ಕಾರಣವೆಂದು ಬಹುಕಾಲ ಶಂಕಿಸಲಾಗಿತ್ತು. ಆದರೆ ಒಂದು ವರ್ಷದವರೆಗೆ ಮರಗೆಣಸು ತಿಂದ ಇಲಿಗಳಲ್ಲಿ ಉರಿಯೂತವೂ ಕಾಣಲಿಲ್ಲ, ಮಧುಮೇಹವೂ ಕಾಣಲಿಲ್ಲವೆಂದು 2000ದ ಅಧ್ಯಯನವೊಂದು ತಿಳಿಸಿತು. ಜನ ಶಂಕಿಸಿದ ತಿನಿಸನ್ನೇ ಇಲಿ ಹೀಗೆ ಖುಲಾಸೆ ಮಾಡಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ನಿನ್ನ ತಟ್ಟೆಯಲ್ಲಿ ಎಥಿಯೋನಿನ್ ಇರಲಿಲ್ಲ. ಮನುಷ್ಯರಲ್ಲಿ ಮೊದಲು ಹುಡುಕಬೇಕಾದದ್ದು ಪಿತ್ತಕೋಶದ ಕಲ್ಲನ್ನು ಮತ್ತು ಮದ್ಯಪಾನವನ್ನು. ಅನಂತರ ಡೆಸಿಲೀಟರ್ ರಕ್ತಕ್ಕೆ 1000 ಮಿಲಿಗ್ರಾಂ ದಾಟಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು. ಆ ಕೊನೆಯದು ನಿನಗೆ ಹೆಚ್ಚಿದ್ದರೆ ಮಾತ್ರ ಎಣ್ಣೆಯ ಬಾಣಲೆಗೂ ಈ ಕಾಯಿಲೆಗೂ ನೆಂಟಸ್ತನ ಹುಡುಕಬಹುದು. ಸ್ಕ್ಯಾನಿಂಗ್ ವರದಿಯನ್ನೂ ರಕ್ತದ ವರದಿಯನ್ನೂ ಕಳುಹಿಸು. ಅಲ್ಲಿಯವರೆಗೆ ಕರಿದದ್ದು ಬೇಡ. ಅದು ಗ್ರಂಥಿಗೆ ವಿಶ್ರಾಂತಿ ಕೊಡಲೆಂದೇ ಹೊರತು ಮಿರ್ಚಿಗೆ ಶಿಕ್ಷೆಯೆಂದಲ್ಲ ಎಂದು ಅಮ್ಮನಿಗೆ ತಿಳಿಸು.

ಇಂತಿ ನಿನ್ನ ಗೆಳೆಯ